ಪಡಸಾಲೆಯ ವಿಶ್ವವಿದ್ಯಾಲಯ

ನಮ್ಮ ಪಡಸಾಲೆಯಲ್ಲಿ ಒಂದು ವಿಶ್ವವಿದ್ಯಾಲಯ ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಎರಡು ಮಂಚ ಹಾಕುವಷ್ಟು ಜಾಗವನ್ನು ಅದೊಂದೇ ನುಂಗಿ ಕುಳಿತಿತ್ತು. ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಸಾಕು, "ಅಯ್ಯ ನಿಮ್ಮ, ಕಾಲಾಗ ಹಾಸ್ಟೆಲ್ ಐತಿ, ಆ ಕಡೆಯಿಂದ ಬರ್ರಿ" ಎಂದು ನಾನು ಕೂಗಬೇಕಾಗುತ್ತಿತ್ತು. ಹಗಲೆಲ್ಲ ಶಾಲೆಯಲ್ಲಿ ಮಕ್ಕಳ ಮೇಲೆ ಕೂಗುವುದು, ಸಂಜೆ ಮನೆಗೆ ಬಂದು ಬೀಗರ ಮೇಲೆ ಕೂಗುವುದು. ಆ ವರ್ಷ ನನ್ನ ಗಂಟಲಿಗೆ ಬಿಡುವೆಂಬುದೇ ಇರಲಿಲ್ಲ.

ನಮ್ಮ ಮನೆಯವರು ಓವರ್‌ಸಿಯರ್. ಊರ ಹೊರಗೆ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಮೊದಲ ಬುನಾದಿ ತೋಡಿದ ದಿನದಿಂದ ಅಲ್ಲೇ ಇದ್ದವರು. ಅಲ್ಲಿ ಎದ್ದ ಪ್ರತಿ ಗೋಡೆಗೂ ಬಿಸಿಲಲ್ಲಿ ನಿಂತು ನೀರು ಹೊಡೆಸಿದವರು. ಮನೆಯಲ್ಲಿ ಊಟಕ್ಕೆ ಕುಳಿತರೂ "ನನ್ನ ಹಾಸ್ಟೆಲ್ಲು, ನನ್ನ ನೀರಿನ ಟಾಕಿ" ಎಂದೇ ಮಾತು. ನಾವು ಬಾಡಿಗೆಯ ಮನೆಯಲ್ಲಿದ್ದೆವು, ನಮ್ಮದೆಂದು ಒಂದು ಗೋಡೆಯೂ ಇರಲಿಲ್ಲ. ಅದನ್ನು ನೆನಪಿಸಿದರೆ ನಗುತ್ತಿದ್ದರು.

ಎರಡು ಸಾವಿರದ ಐದನೇ ಇಸವಿಯ ಆಸುಪಾಸು, ಬೇಸಿಗೆಯಲ್ಲಿ, ಸೈಟಿನಲ್ಲಿ ನಿಂತವರು ನಿಂತಲ್ಲೇ ಕುಸಿದರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಒಮ್ಮೆಲೇ ಹೋದವು. ದಾವಣಗೆರೆಯ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದೆವು. ಕಾಲು ಎಳೆದುಕೊಂಡು ನಡೆಯುವಷ್ಟು ಬಂತು. ಮಾತು ಒಂದೊಂದೇ ಶಬ್ದವಾಗಿ ಹಿಂದಿರುಗಿತು. ಕೈ ಮಾತ್ರ ಬರಲಿಲ್ಲ.

ಕಚೇರಿಯವರು ಒಳ್ಳೆಯವರೇ. ಮನೆಗೆ ಬಂದು ಚಹಾ ಕುಡಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೋದರು. ಓವರ್‌ಸಿಯರ್ ಎಂದ ಮೇಲೆ ಏಣಿ ಹತ್ತಬೇಕು, ಟೇಪು ಹಿಡಿಯಬೇಕು, ಎರಡೂ ಕೈ ಬೇಕು. ಇವರ ರಜೆ ಮುಗಿಯುವುದರೊಳಗೆ ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಡಾಕ್ಟರರು ನೋಡುತ್ತಾರೆ. ಬಲಗೈಗೆ ಹಿಡಿತ ಬಂದಿದ್ದರೆ ಮತ್ತೆ ಸೈಟಿಗೆ, ಇಲ್ಲವಾದರೆ ಮನೆಗೆ. ಅವರು ಹೋದ ಮೇಲೆ ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನನಗೆ ಆಗಲೇ ತಿಳಿಯಿತು, ಸೈಟಿಗೆ ಹೋಗದಿದ್ದರೆ ಈ ಮನುಷ್ಯ ಉಳಿಯುವುದಿಲ್ಲ. ಹೇಗಾದರೂ ಮಾಡಿ ಆ ಕೈ ಬರಲೇಬೇಕಿತ್ತು.

ದಾವಣಗೆರೆಯಲ್ಲಿ ಕೈಕಾಲಿಗೆ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ಹೇಳಿದ್ದಳು: "ಬೆರಳಿಗೆ ಕೆಲಸಾ ಕೊಡ್ರಿ ಅಕ್ಕಾರ. ಹಿಟ್ಟು ನಾದಸ್ರಿ, ಚೆಂಡು ಹಿಚಕಸ್ರಿ. ಸಣ್ಣ ಮಕ್ಕಳ ಪ್ಲಾಸ್ಟಿಕ್ ಇಟ್ಟಿಗಿ ಸಿಗತಾವಲ್ರಿ, ಒಂದರ ಮ್ಯಾಲ ಒಂದು ಒತ್ತಿ ಕೂಡಸೂವು, ಅವು ಭಾಳ ಛಲೋ." ಹಿಟ್ಟು ಕೊಟ್ಟೆ, ದೂಡಿದರು. ಚೆಂಡು ಕೊಟ್ಟೆ, ಮಂಚದ ಕೆಳಗೆ ಉರುಳಿಸಿದರು. ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರದ ಆಟಿಕೆ ಸಾಮಾನಿನ ಅಂಗಡಿಯಿಂದ ಒಂದು ಡಬ್ಬಿ ಇಟ್ಟಿಗೆ ತಂದೆ. ಕೆಂಪು, ಹಳದಿ, ನೀಲಿ, ಬಿಳಿ. ಒಂದನ್ನು ಎತ್ತಿ ತಿರುಗಿಸಿ ನೋಡಿದರು, ಅಂಚಿಗೆ ಉಗುರು ತಾಗಿಸಿ ನೋಡಿದರು. ಆಸ್ಪತ್ರೆಯಿಂದ ಬಂದ ಮೇಲೆ ಅವರ ಮುಖದಲ್ಲಿ ಸಿಟ್ಟಲ್ಲದ ಭಾವ ಕಂಡದ್ದು ಅದೇ ಮೊದಲು.

ಮೊದಮೊದಲು ನನ್ನೆದುರೇ ಬಲಗೈಲಿ ಹೆಣಗಿದರು. ಬೆರಳ ನಡುವೆ ನಾನೇ ಇಟ್ಟಿಗೆ ಸಿಕ್ಕಿಸುತ್ತಿದ್ದೆ, ಅದು ಜಾರಿ ಬೀಳುತ್ತಿತ್ತು. ನಾನು ಎತ್ತುವುದು, ಅದು ಬೀಳುವುದು. ಅಷ್ಟರಲ್ಲಿ ನನ್ನ ರಜೆ ಮುಗಿಯಿತು. ನನಗೆ ಬ್ಯಾಡಗಿಯಲ್ಲಿ ಪ್ರಾಥಮಿಕ ಶಾಲೆ. ನಮ್ಮೂರು ರಾಣೆಬೆನ್ನೂರಿನಿಂದ ಬೆಳಗಿನ ರೈಲುಗಾಡಿಗೆ ಹೋದರೆ ಸಂಜೆಯ ಗಾಡಿಗೆ ಬರುವುದು. ಮೇಜಿನ ಮೇಲೆ ಇಟ್ಟಿಗೆ ಸುರುವಿ, ಪಕ್ಕದಲ್ಲಿ ಊಟದ ಡಬ್ಬಿ, ನೀರಿನ ತಂಬಿಗೆ ಇಟ್ಟು, ದೇವರ ಮೇಲೆ ಭಾರ ಹಾಕಿ ಹೊರಟೆ.

ಹಾಗೆ ಹೋಗಿ ಬರಲು ಹತ್ತಿದ ಎರಡನೆಯ ವಾರ ಇರಬೇಕು, ಒಂದು ಸಂಜೆ ಬಾಗಿಲು ತೆಗೆದರೆ ಮೇಜಿನ ಮೇಲೆ ಗೋಡೆ! ಸಂದಿನ ಮೇಲೆ ಸಂದು ಬಾರದ ಹಾಗೆ ತಪ್ಪಿಸಿ ಇಟ್ಟ, ಗಾರೆಯವರು ಕಟ್ಟುವಂಥದೇ ಗೋಡೆ. ನಡುವೆ ಕಿಟಕಿಗೆ ಬಿಟ್ಟ ಜಾಗ. ನನ್ನ ಕೈಯಲ್ಲಿದ್ದ ಚೀಲ ಅಲ್ಲೇ ಬಿತ್ತು. "ಏನ್ರೀ ಇದು? ನೀವು ಮಾಡಿದ್ರಿ?" ಎಂದೆ. "ಹಾಸ್ಟೆಲ್" ಎಂದರು. ನಾನು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಎಷ್ಟೋ ದಿನದ ಮೇಲೆ ಒಲೆಯ ಮುಂದೆ ನಿಂತು ಹಾಡು ಗುನುಗಿದ್ದು ಅವತ್ತು.

ಅಲ್ಲಿಂದ ಶುರುವಾಯಿತು ನೋಡಿ ಕ್ಯಾಂಪಸ್ಸು. ಎದುರು ಮನೆಯಲ್ಲಿ ಬೀಜದ ಕಂಪನಿಯವರೊಬ್ಬರು ಇದ್ದರು. ಅವರಿಗೆ ವರ್ಗವಾಯಿತು. ಮನೆ ಖಾಲಿ ಮಾಡುವಾಗ ಅವರ ಹೆಂಡತಿ, ತಮ್ಮ ಮಕ್ಕಳು ಆಡಿ ಬಿಟ್ಟ ಇಟ್ಟಿಗೆಯನ್ನು ಒಂದು ಗೋಣಿಚೀಲದಲ್ಲಿ ತುಂಬಿ ಕೊಟ್ಟು ಹೋದರು. ಇಟ್ಟಿಗೆಯ ತಲೆಯ ಮೇಲಿನ ಒಂದು ಗುಂಡಿ ಎಂದರೆ ನಾಲ್ಕು ಅಡಿ, ಇದು ಇವರ ಅಳತೆ. ಹಾಸ್ಟೆಲ್ಲು ಮುಗಿದ ಮೇಲೆ ಆಡಳಿತ ಕಚೇರಿ, ಆಮೇಲೆ ಪ್ರಯೋಗಾಲಯ, ಸೈಕಲ್ ನಿಲ್ಲಿಸುವ ಕಟ್ಟೆ, ನೀರಿನ ಟಾಕಿ. ಮೇಜು ಸಾಲದೆ ನೆಲಕ್ಕೆ ಹಲಗೆ ಹಾಕಿದೆವು. ನೀಲಿ ಗೋಡೆ ಬಂದರೆ ಇವರಿಗೆ ಸೇರದು, ನೀಲಿಯನ್ನೆಲ್ಲ ಒಳಗೋಡೆಗೆ ಹಾಕಿ ಬಿಳಿಯನ್ನು ಹೊರಗೆ ಇಡುತ್ತಿದ್ದರು. ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುವುದು ಬೇರೆ.

ಒಮ್ಮೆ ಗ್ರಂಥಾಲಯದ ಮೆಟ್ಟಿಲಿಗೂ ಎದುರಿನ ಬೇವಿನ ಗಿಡಕ್ಕೂ ನಡುವೆ ಎಷ್ಟು ದೂರ ಎಂಬುದು ಇವರಿಗೆ ಮರೆತಿತ್ತು. ನನಗೆ ಇದ್ದದ್ದೇ ವಾರಕ್ಕೊಂದು ರಜೆ. ಅವತ್ತು ಬಿಸಿಲಲ್ಲಿ ಆಟೋ ಮಾಡಿಕೊಂಡು ನಿಜದ ಕ್ಯಾಂಪಸ್ಸಿಗೇ ಹೋಗಿ, ಅಲ್ಲಿಯ ಕಾವಲುಗಾರ ಬಾಯಿ ಬಿಟ್ಟು ನೋಡುತ್ತಿದ್ದರೂ ಹೆಜ್ಜೆ ಹಾಕಿ ಅಳೆದು ಬಂದೆ. ಹೇಳಿದರೆ ತಲೆ ಅಲ್ಲಾಡಿಸಿ "ಸುಳ್ಳು" ಎಂದರು. ನನಗೆ ಸಿಟ್ಟು ನೆತ್ತಿಗೇರಿತು.

"ನಿಮ್ಮ ಬೇವಿನ ಗಿಡ ಎಲ್ಲಿದ್ರ ನನಗೇನ್ರಿ? ನಾ ಏನು ನಿಮ್ಮ ಕಾಂಟ್ರಾಕ್ಟರ್ ಏನು?" ಎಂದೆ.

"ನೆಳ್ಳು" ಎಂದರು. ಮಧ್ಯಾಹ್ನದ ನೆರಳು ಮೆಟ್ಟಿಲ ಮೇಲೆ ಬೀಳಬೇಕಂತೆ, ಹುಡುಗರು ಅಲ್ಲಿ ಕೂರುತ್ತಾರಂತೆ. ಬೈಯುತ್ತ ಬೈಯುತ್ತ ಮತ್ತೊಮ್ಮೆ ಹೋಗಿ ಅಳೆದು ಬಂದೆ.

ಆ ದಿನಗಳ ದಣಿವನ್ನು ಈಗ ನೆನೆದರೂ ಮೈ ಸೋಲುತ್ತದೆ. ಕತ್ತಲಿರುವಾಗಲೇ ಏಳಬೇಕು. ಎಳ್ಳೆಣ್ಣೆ ಬಿಸಿ ಮಾಡಿ ಆ ಕೈಗೆ ಭುಜದಿಂದ ಬೆರಳ ತುದಿವರೆಗೆ ತಿಕ್ಕಬೇಕು. ಜಳಕ ಮಾಡಿಸಬೇಕು, ರೊಟ್ಟಿ ಬಡಿಯಬೇಕು, ಗಾಡಿಗೆ ಓಡಬೇಕು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಸೀನು ಶುರು, ತರಗತಿಯಲ್ಲಿ ನಾನೂ ಸೀನುವುದು, ಮಕ್ಕಳೂ ಸೀನುವುದು. ಸಂಜೆ ಮೈ ಕೈ ತೊಳೆಯದೆ ಇವರನ್ನು ಮುಟ್ಟುವ ಹಾಗಿರಲಿಲ್ಲ, ಉರಿ ಹತ್ತುತ್ತಿತ್ತು. ಇಷ್ಟಾಗಿ ಹಾಸಿಗೆಗೆ ಬಿದ್ದರೆ ನಿದ್ದೆಯಾದರೂ ಬರಬೇಕಲ್ಲ? ಇಲ್ಲ. ಕಣ್ಣು ಮುಚ್ಚಿದರೆ ಆ ಕೈ. ನಿದ್ದೆಯಲ್ಲಿ ಬೆರಳು ಅಲ್ಲಾಡಿತೇನೋ ಎಂದು ಮತ್ತೆ ಮತ್ತೆ ಎದ್ದು ನೋಡುತ್ತಿದ್ದೆ.

ನೋಡಲು ಬಂದವರು ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಿದ್ದರು. ಪಾರಿವಾಳದ ರಕ್ತ ಹಚ್ಚಿ ಎನ್ನುವವರು, ನಾಟಿ ವೈದ್ಯರ ಹತ್ತಿರ ಹೋಗಿ ಎನ್ನುವವರು. "ಕೈ ಏನಾರ ಬಂತೇನ ತಂಗಿ?" ಎಂದು ಕೇಳಿದರೆ ನಾನು ಎದೆ ಉಬ್ಬಿಸಿ ನೆಲ ತೋರಿಸುತ್ತಿದ್ದೆ. "ಕೈ ಬರದ ಇಷ್ಟೆಲ್ಲಾ ಹೆಂಗ ಆಗತೈತ್ರಿ? ನೀವ ನೋಡ್ರಿ." ನೋಡಿದವರು ಬೆರಗಾಗುತ್ತಿದ್ದರು. ಇವರು ತಲೆ ತಗ್ಗಿಸಿ ಕಿಟಕಿಯ ಸಂದಿನ ಧೂಳು ಊದುತ್ತಿದ್ದರು.

ನನ್ನ ಕಣ್ಣೆದುರು ಮಾತ್ರ ಒಂದು ಇಟ್ಟಿಗೆಯನ್ನೂ ಇಡುತ್ತಿರಲಿಲ್ಲ. ಸಂಜೆ ನಾನು ಬರುವಾಗ ಕೆಲಸ ಮುಗಿದು, ಉಳಿದ ಇಟ್ಟಿಗೆ ಬಣ್ಣದ ಪ್ರಕಾರ ಒಟ್ಟಿರುತ್ತಿತ್ತು. "ಒಂದ ಒಂದು ಇಡ್ರಿ, ನಾ ನೋಡ್ತೀನಿ" ಎಂದರೆ "ಬಂದ್" ಎನ್ನುತ್ತಿದ್ದರು. ಸೈಟೆಂದರೆ ಹೊತ್ತು ಇಳಿದ ಮೇಲೆ ಬಂದ್. ಶನಿವಾರ ನಾನು ಅರ್ಧ ದಿನಕ್ಕೆ ಬಂದರೆ "ಬಟವಾಡೆ", ಕೂಲಿ ಹಂಚುವ ದಿನ, ಬೇಗ ಬಿಡಬೇಕು. ಮರುದಿನ ಸಂತೆ, ಆಳುಗಳಿಗೆ ಸೂಟಿ. ಅಮಾವಾಸ್ಯೆಗಂತೂ ನಮ್ಮ ಕಡೆ ಗಾರೆ ಕೆಲಸದ ಯಾವ ಗೌಂಡಿಯೂ ಕರಣಿ ಮುಟ್ಟುವುದಿಲ್ಲ. ಇಷ್ಟು ವರ್ಷ ಸೈಟಿನ ಶಿಸ್ತಿನಲ್ಲಿ ಬೆಳೆದ ಮನುಷ್ಯ, ಮಕ್ಕಳ ಇಟ್ಟಿಗೆಗೂ ಅದೇ ಕಾಯಿದೆ ಹಚ್ಚಿದ್ದಾರೆ ಎಂದು ನಾನು ನಗುತ್ತಿದ್ದೆ. ರಾತ್ರಿ ಊಟವಾದ ಮೇಲೆ ನನ್ನ ಬೆರಳನ್ನು ಅವರ ಬಲ ಅಂಗೈಯಲ್ಲಿಟ್ಟು "ಒತ್ತರಿ" ಎನ್ನುತ್ತಿದ್ದೆ. ಒತ್ತಿದ ಹಾಗೂ ಅನಿಸುತ್ತಿತ್ತು, ಒತ್ತದ ಹಾಗೂ ಅನಿಸುತ್ತಿತ್ತು. "ದಣದೈತಿ" ಎನ್ನುತ್ತಿದ್ದರು. ಹಗಲೆಲ್ಲ ದುಡಿದ ಕೈ, ದಣಿದಿರಲಿಕ್ಕೇ ಬೇಕು ಎಂದು ಸುಮ್ಮನಾಗುತ್ತಿದ್ದೆ.

ಹಾವೇರಿಗೆ ಹೋಗುವ ದಿನ ಬಂತು. ಆ ಹೊತ್ತಿಗೆ ಕ್ಯಾಂಪಸ್ಸೆಲ್ಲ ಎದ್ದಿತ್ತು, ಗ್ರಂಥಾಲಯದ ಮೇಲ್ಛಾವಣಿ ಒಂದೇ ಬಾಕಿ. ನಾನು ರಜೆ ಹಾಕಿದ್ದೆ. ಬೆಳಿಗ್ಗೆ ಇವರಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಪಡಸಾಲೆಯಲ್ಲಿ ಕೂರಿಸಿ, ನಾನು ಹಿತ್ತಲಿಗೆ ಜಳಕಕ್ಕೆ ಹೋದೆ. ನೀರು ಬೇಗ ಮುಗಿಯಿತು. ಸೀರೆ ಉಟ್ಟು, ಕೂದಲು ಒರೆಸಿಕೊಳ್ಳುತ್ತ ಬರಿಗಾಲಲ್ಲಿ ಪಡಸಾಲೆಯ ಬಾಗಿಲಿಗೆ ಬಂದೆ.

ಇವರು ನನಗೆ ಬೆನ್ನು ಮಾಡಿ ನೆಲದ ಮೇಲೆ ಕುಳಿತಿದ್ದರು. ಎಡಗೈ ಸರಸರನೆ ಓಡುತ್ತಿತ್ತು. ಇಟ್ಟಿಗೆ ಎತ್ತುವುದು, ಹೆಬ್ಬೆರಳಲ್ಲಿ ತಿರುಗಿಸುವುದು, ಜಾಗಕ್ಕೆ ಇಟ್ಟು ಅಂಗೈಯಿಂದ ಟಕ್ಕನೆ ಒತ್ತುವುದು. ಹುಟ್ಟಿನಿಂದ ಎಡಚರಾಗಿದ್ದವರಿಗೂ ಅಷ್ಟು ಚುರುಕು ಬಾರದು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ನಾನು ಬೆಳಿಗ್ಗೆ ಎಣ್ಣೆ ತಿಕ್ಕಿ ಹೇಗೆ ಇಟ್ಟಿದ್ದೆನೋ ಹಾಗೇ ಇತ್ತು.

ಹಾಸ್ಟೆಲ್ಲು, ಟಾಕಿ, ಪ್ರಯೋಗಾಲಯ, ಎಲ್ಲವನ್ನೂ ಒಮ್ಮೆ ನೋಡಿದೆ. ಎಲ್ಲವೂ ಎಡಗೈಯದೇ.

"ಬಲಗೈ ಎಲ್ಲಿ ಹೋಗಿತ್ರಿ ಇಷ್ಟ ದಿನಾ?" ಎಂದೆ.

ತಿರುಗಿ ನೋಡಿದರು. ಸಿಕ್ಕಿಬಿದ್ದವರ ಮುಖವಾಗಿರಲಿಲ್ಲ ಅದು. ಸಾಹೇಬರು ಬಂದು ಕೆಲಸದ ಬಗ್ಗೆ ಕೇಳಿದಾಗ ಇರುತ್ತದಲ್ಲ, ಅಂಥ ಮುಖ. "ಆಳು… ಬರಲಿಲ್ಲ" ಎಂದರು. ಬಲಗೈ ಕಡೆ ಗದ್ದ ತೋರಿಸಿದರು. ಆಮೇಲೆ ಎಡಗೈ ಎತ್ತಿ, "ಬ್ಯಾರೆ ಆಳು… ಹಚ್ಚಿದೆ."

ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಲಿ? ಸೈಟಿನಲ್ಲಿ ಒಬ್ಬ ಆಳು ಬಾರದಿದ್ದರೆ ಕೆಲಸ ನಿಲ್ಲಿಸಿ ಕೂರುವುದಿಲ್ಲ, ಇನ್ನೊಬ್ಬನನ್ನು ಹಚ್ಚಿ ಗೋಡೆ ಏರಿಸುತ್ತಾರೆ. ಹಾಗೆ ಮಾಡದವನು ಓವರ್‌ಸಿಯರೇ ಅಲ್ಲ. ನಾವು ಇಟ್ಟಿಗೆ ಕೊಟ್ಟದ್ದು ಕೈಗಾಗಿ, ಈ ಪುಣ್ಯಾತ್ಮ ಕಟ್ಟಿದ್ದು ಕಟ್ಟಡ!

"ಡಾಕ್ಟರ್ ಮುಂದ ಏನ್ ತೋರಸ್ತೀರಿ ಈಗ? ಸೈಕಲ್ ಸ್ಟ್ಯಾಂಡ್ ತೋರಸ್ತೀರಿ? ನನ್ನ ಹೊಟ್ಟಿ ಯಾಕ ಹಿಂಗ ಉರಸ್ತೀರ್ರೀ?" ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಕೈಗೆ ಸಿಕ್ಕ ಒದ್ದೆ ಟವೆಲ್ಲನ್ನು ಗೋಡೆಗೆ ಎಸೆದೆ. ಇವರು ಎಲ್ಲ ಕೇಳಿಸಿಕೊಂಡರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮತ್ತೊಂದು ಇಟ್ಟಿಗೆ ಇಟ್ಟರು.

"ಏಳ್ರಿ. ಬಸ್ಸಿಗೆ ಹೊತ್ತಾತು."

"ಸ್ಲ್ಯಾಬ್" ಎಂದರು.

ಇಷ್ಟು ವರ್ಷ ಓವರ್‌ಸಿಯರನ ಹೆಂಡತಿಯಾಗಿದ್ದವಳಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಸ್ಲ್ಯಾಬು ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ. ಮಳೆ ಬರಲಿ, ಕತ್ತಲಾಗಲಿ, ಒಂದೇ ಬೀಸಿನಲ್ಲಿ ಮುಗಿಯಬೇಕು. ನಿಂತಲ್ಲಿ ಬಿರುಕು, ಬಿರುಕಿದ್ದಲ್ಲಿ ಸೋರಿಕೆ. ಸ್ಲ್ಯಾಬಿನ ದಿನ ನೆಂಟರ ಮದುವೆಗೂ ಬಾರದ ಮನುಷ್ಯ ಇವರು. ನಾನು ಎಳೆದರೂ ಏಳುವುದಿಲ್ಲ ಎಂಬುದು ಗೊತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ಕುಳಿತೆ. ಮೂಗು ಒರೆಸಿಕೊಳ್ಳುತ್ತ ಬಿಳಿ ಇಟ್ಟಿಗೆ ಆರಿಸಿ ಆರಿಸಿ ಕೊಟ್ಟೆ. "ಉದ್ದಂದು" ಎಂದರೆ ಉದ್ದದ್ದು, "ಸಣ್ಣದು" ಎಂದರೆ ಸಣ್ಣದು. ನನಗೆ ಆಗ ಸಿಟ್ಟೂ ಇರಲಿಲ್ಲ. ಬರೀ ಸುಸ್ತು. ಕೊನೆಯದನ್ನು ಒತ್ತಿ, ಬೆರಳ ಗೆಣ್ಣಿನಿಂದ ಛಾವಣಿಯನ್ನು ತಟ್ಟಿ ನೋಡಿದರು. ಆಮೇಲೆ ತಾವಾಗೇ ಎದ್ದು ನಿಲ್ಲಲು ನನ್ನ ಭುಜ ಹಿಡಿದರು.

ಹಾವೇರಿ ಮುಟ್ಟುವಾಗ ತಡವಾಗಿತ್ತು. ಆದರೂ ಸರತಿ ಇನ್ನೂ ಇತ್ತು. ಒಳಗೆ ಇಬ್ಬರು ಡಾಕ್ಟರರಿದ್ದರು. ಹಿರಿಯರು ತಮ್ಮ ಕೈ ಚಾಚಿ, "ಎಲ್ಲಿ, ಬಲಗೈಲೆ ನನ್ನ ಕೈ ಹಿಡೀರಿ ನೋಡೂಣು" ಎಂದರು. ಇವರು ಎಡಗೈಯಿಂದ ಬಲಗೈಯನ್ನು ಮೆಲ್ಲಗೆ ಎತ್ತಿ ಡಾಕ್ಟರರ ಅಂಗೈ ಮೇಲೆ ಇಟ್ಟರು. "ಒತ್ತರಿ" ಎಂದರು ಡಾಕ್ಟರು. ಕಾದರು. "ಇನ್ನೊಮ್ಮೆ." ಮತ್ತೂ ಕಾದರು. ನಾನು ಆ ಬೆರಳುಗಳನ್ನೇ ನೋಡುತ್ತ, ಹುಚ್ಚಿಯ ಹಾಗೆ, ನನ್ನದೇ ಮುಷ್ಟಿ ಬಿಗಿ ಹಿಡಿದಿದ್ದೆ.

"ಇಷ್ಟ ದಿನಾ ಆದ ಮ್ಯಾಲ ಇನ್ನ ಬರೂದು ಕಷ್ಟ ಐತ್ರಿ ತಾಯಿ. ಡ್ಯೂಟಿಗೆ ಆಗೂದಿಲ್ಲ" ಎಂದು ಡಾಕ್ಟರರು ನನಗೆ ಹೇಳಿದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಇವರು ತಲೆಯಾಡಿಸಿ, ಎಡಗೈಯಿಂದಲೇ ಹಣೆ ಮುಟ್ಟಿ ನಮಸ್ಕಾರ ಮಾಡಿದರು.

ಹೊರಗೆ ಕಲ್ಲುಬೆಂಚಿನ ಮೇಲೆ ಕುಳಿತೆವು. ಇವರು ಕುಸಿಯುತ್ತಾರೆ, ಗೋಡೆಗೆ ಮುಖ ಮಾಡುತ್ತಾರೆ ಎಂದು ಅಂಜಿದ್ದೆ. ಏನೂ ಆಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಆಗ ನನಗೆ ಅನುಮಾನ ಬಂತು.

"ಕೈ ಬರೂದಿಲ್ಲಂತ ನಿಮಗ ಗೊತ್ತಿತ್ತೇನ್ರಿ?"

ಹೂಂ ಎಂದು ತಲೆಯಾಡಿಸಿದರು.

"ಯಾವಾಗಿಂದ?"

"ಹಾಸ್ಟೆಲ್" ಎಂದರು.

ಅವರ ಲೆಕ್ಕದಲ್ಲಿ ತಿಂಗಳು, ವಾರ ಎಂಬುದಿಲ್ಲ, ಎಲ್ಲ ಕಟ್ಟಡಗಳೇ. ಹಾಸ್ಟೆಲ್ಲು ಎಂದರೆ ಮೊಟ್ಟಮೊದಲನೆಯದು. ಅಂದರೆ ಶುರುವಿನಲ್ಲೇ ಗೊತ್ತಾಗಿತ್ತು. ಸೈಟಿಗೆ ಇನ್ನು ಹೋಗುವುದಿಲ್ಲ ಎಂಬುದನ್ನು ಒಬ್ಬರೇ ನುಂಗಿಕೊಂಡು ಮನೆಯಲ್ಲಿ ಕುಳಿತು ಕಟ್ಟಿದ್ದರು.

"ಮತ್ತ ನನಗ್ಯಾಕ ಹೇಳಲಿಲ್ಲ? ಎಣ್ಣಿ ತಿಕ್ಕಿ ತಿಕ್ಕಿ ಸತ್ತೆನಲ್ರೀ!"

ಬಹಳ ಹೊತ್ತು ಶಬ್ದ ಹುಡುಕಿದರು. ಬಾಯಿ ಸೊಟ್ಟಗಾಯಿತು, ಬೆವರಿದರು. "ಸಂಜಿಗೆ… ಬಂದು… ಗ್ವಾಡಿ ನೋಡಿ… ನೀ… ನಗ್ತಿದ್ದಿ" ಎಂದರು.

ಜನ ಓಡಾಡುವ ಜಾಗ, ಅಳಲೂ ಆಗಲಿಲ್ಲ. ಇವರ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದೆ. ಯಾವ ಬಸ್ಸೆಂದು ಸರಿಯಾಗಿ ನೋಡಿದ ನೆನಪೂ ಇಲ್ಲ. ರಾಣೆಬೆನ್ನೂರಿಗೆ ಎರಡು ಟಿಕೇಟು ತೆಗೆಸಿ, ಕಿಟಕಿಗೆ ಇವರನ್ನು ಕೂರಿಸಿ ಪಕ್ಕದಲ್ಲಿ ಕುಳಿತೆ. ಇನ್ನು ಆ ಕೈ ಬರುವುದಿಲ್ಲ. ಇನ್ನು ಅದನ್ನು ಕಾಯಬೇಕಿಲ್ಲ. ಇದನ್ನು ಯೋಚಿಸಿದ್ದಷ್ಟೇ ಗೊತ್ತು.

ಕಣ್ಣು ಬಿಟ್ಟಾಗ ಬಸ್ಸು ನಿಂತಿತ್ತು. ನನ್ನ ತಲೆ ಇವರ ಭುಜದ ಮೇಲಿತ್ತು, ಅಂಗಿಯ ಇಸ್ತ್ರಿಯೆಲ್ಲ ಮುರಿದಿತ್ತು. ಹೊರಗೆ ನೋಡಿದರೆ ಹರಿಹರ! ನಮ್ಮ ಊರು ದಾಟಿ ಎಷ್ಟೋ ಮುಂದೆ, ಹೊಳೆಯಾಚೆ ಬಂದುಬಿಟ್ಟಿದ್ದೆವು. ಗಾಬರಿಯಿಂದ ಎದ್ದು ಕಂಡಕ್ಟರನನ್ನು ಹಿಡಿದೆ. "ಏನಪಾ, ರಾಣೆಬೆನ್ನೂರಾಗ ಒದರಬಾರದೇನು?"

"ಒದರಿದ್ನಿರಿ ಅಕ್ಕಾರ. ನಿಮ್ಮ ಯಜಮಾನ್ರ ಬಾಯಿ ಮ್ಯಾಲ ಬೊಟ್ಟಿಟ್ಟು ಸುಮ್ನಿರು ಅಂದ್ರು. ಕಿಸೆದಾಗಿಂದ ರೊಕ್ಕಾ ತಗದು ಮುಂದಿಂದೂ ಟಿಕೇಟು ತಗಸಿದ್ರು" ಎಂದ.

ಕೆಳಗಿಳಿದು ಇವರನ್ನು ನೋಡಿದೆ. "ಯಾಕ್ರೀ ಎಬ್ಬಸಲಿಲ್ಲ?"

"ನಿದ್ದಿ… ಹತ್ತಿತ್ತು… ನಿನಗ" ಎಂದರು.

ಆಚೆ ಬದಿಗೆ ದಾಟಿ, ರಾಣೆಬೆನ್ನೂರಿನ ಕಡೆ ಹೊರಟ ಬಸ್ಸು ಹತ್ತಿ ಕುಳಿತೆವು. ಸೀಟಿಗೆ ಬೆನ್ನು ತಾಗಿದ ಕೂಡಲೇ ನನಗೆ ಮತ್ತೆ ನಿದ್ದೆ ಬಂತು.